ಖಾಲಿ ತಿರುಗಣಿಯ ಸದ್ದು

ನಾನು ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಬೀದಿಯಲ್ಲಿ ನಿಂತು ಕೂಗುತ್ತೇನೆ. ಮಗಳ ಮನೆಗೆ ಹೋದರೂ ಅಷ್ಟೆ, ಬೀಗರ ಮನೆಗೆ ಹೋದರೂ ಅಷ್ಟೆ. ಮುದುಕನಿಗೆ ಮೊಳಕಾಲು ನೋವು, ಮೆಟ್ಟಿಲು ಹತ್ತಲಾರದೆ ಕೂಗುತ್ತಾನೆ ಎಂದು ಅವರೆಲ್ಲ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಈ ವಯಸ್ಸಿನಲ್ಲೂ ನಾನು ಕೆಂಗಲ್‌ವರೆಗೆ ನಡೆದುಹೋಗಿ ಹನುಮಪ್ಪನಿಗೆ ಕೈಮುಗಿದು ನಡೆದೇ ವಾಪಸು ಬರುವವನು. ನನ್ನ ಜೊತೆ ಹೊರಟ ಹುಡುಗರು ಅರ್ಧ ದಾರಿಯಲ್ಲಿ ಗಾಡಿ ಹುಡುಕುತ್ತಾರೆ. ಮೊಳಕಾಲಿಗೆ ಏನೂ ಆಗಿಲ್ಲ. ಆಗಿರುವುದು ಬಲಗೈ ಬೆರಳಿನ ಗೆಣ್ಣುಗಳಿಗೆ. ಮುಚ್ಚಿದ ಬಾಗಿಲೊಂದು ಎದುರಿಗೆ ಬಂದರೆ ಸಾಕು, ಅವು ತಮ್ಮಷ್ಟಕ್ಕೆ ತಾವೇ ಮಡಚಿಕೊಳ್ಳುತ್ತವೆ. ನಾನು ಕೈಯನ್ನು ಕೋಟಿನ ಜೇಬಿಗೆ ತುರುಕುತ್ತೇನೆ.

ಚನ್ನಪಟ್ಟಣದಲ್ಲಿ ಆಟಿಕೆ ಮಾಡುವವರ ಬೀದಿಯ ಕೊನೆಗೆ ನಮ್ಮ ಅಂಗಡಿ ಇತ್ತು. ಅವರು ಮುಸಲ್ಮಾನರು, ನಾವು ವಿಭೂತಿ ಹಚ್ಚುವವರು. ಅವರು ಮರ ಕಡೆದು ಅರಗಿನ ಬಣ್ಣ ಏರಿಸಿ ಕೊಡುತ್ತಿದ್ದರು, ನಾವು ಬುಟ್ಟಿ ಹೊತ್ತು ರೈಲು ನಿಲ್ದಾಣದಲ್ಲಿ ಮಾರುತ್ತಿದ್ದೆವು. ಮೈಸೂರಿಗೆ ಹೋಗುವ ರೈಲು ನಿಂತ ಆ ಒಂದಿಷ್ಟು ಹೊತ್ತಿನಲ್ಲಿ ಕಿಟಕಿಯಿಂದ ಕಿಟಕಿಗೆ ಓಡಿ, ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟು, ರೈಲು ಅಲುಗುವ ಮೊದಲು ಅಪ್ಪನಿಂದ ಕಾಸು ಇಸಿದುಕೊಳ್ಳುವುದಿದೆಯಲ್ಲ, ಅದರಲ್ಲಿ ನನ್ನನ್ನು ಮೀರಿಸಿದವನು ಹುಟ್ಟಿರಲಿಲ್ಲ. ಚನ್ನಪಟ್ಟಣದಿಂದ ಕನಕಪುರದವರೆಗೆ ನನ್ನಷ್ಟು ದೊಡ್ಡ ಕಿಲಾಡಿ ಇನ್ನೊಬ್ಬನಿರಲಿಲ್ಲ. ಇದು ನಾನು ಹೇಳಿಕೊಳ್ಳುವ ಮಾತಲ್ಲ. ನನ್ನನ್ನು ಬೈದವರೆಲ್ಲ ಹೇಳಿದ ಮಾತು.

ನನ್ನ ಬಂಡವಾಳ ಗಂಟಲು. ಯಾರ ಕೆಮ್ಮನ್ನು ಬೇಕಾದರೂ ಕೆಮ್ಮುತ್ತಿದ್ದೆ, ಯಾರ ನಡಿಗೆಯನ್ನು ಬೇಕಾದರೂ ನಡೆಯುತ್ತಿದ್ದೆ. ರೈಲು ಬರುವ ಮೊದಲೇ ರೈಲಿನ ಸಿಳ್ಳು ಹಾಕಿ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರನ್ನು ಲೋಟ ಬಿಟ್ಟು ಓಡಿಸಿದ್ದೇನೆ. ಈ ಎಲ್ಲ ಪಾಪಗಳಲ್ಲೂ ನನಗೊಬ್ಬ ಪಾಲುದಾರನಿದ್ದ. ಬೀದಿಯ ಮೊದಲ ಮನೆಯವನು, ನನ್ನ ವಯಸ್ಸಿನವನೇ, ಆ ಬೀದಿಯಲ್ಲೇ ನಾಜೂಕು ಕೈ ಅವನದು. ಒಮ್ಮೆ ಆಲೆ ಮರದಲ್ಲಿ ನಿಂಬೆಹಣ್ಣು ಕಡೆದು, ಹಳದಿ ಅರಗು ಕೊಟ್ಟು, ತಾಳೆಗರಿಯಲ್ಲಿ ಉಜ್ಜಿ ಹೊಳಪು ತಂದ. ಅದನ್ನು ನಾನು ಸಂತೆಯಲ್ಲಿ ನಿಂಬೆಹಣ್ಣಿನ ಗುಡ್ಡೆಯೊಳಗೆ ಸೇರಿಸಿಬಿಟ್ಟೆ. ಅವನ ಬೀದಿಯ ಹಿರಿಯ ಕಸುಬುದಾರರೊಬ್ಬರೇ ಅದನ್ನು ಕೊಂಡು, ಮನೆಗೆ ಹೋಗಿ ಕುಯ್ಯಲಾರದೆ ಚಾಕುವಿನ ಮೇಲೆ ಸಿಟ್ಟಾಗಿ, ಕೊನೆಗೆ ಹಲ್ಲಿನಲ್ಲಿ ಕಚ್ಚಿದರು. ತಮ್ಮದೇ ಕಸುಬಿನ ಮಾಲು ಎಂದು ಗೊತ್ತಾದದ್ದು ಒಂದು ಹಲ್ಲು ಅಲುಗಿದ ಮೇಲೆ. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರು ನನ್ನನ್ನು ಏನೆನ್ನುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಈಗ ಆ ತಟ್ಟುವಿಕೆಯ ವಿಷಯ ಹೇಳಬೇಕು. ನಾವು ಚಿಕ್ಕವರಿದ್ದಾಗ ಪ್ಲೇಗು ಬಂತು. ಜ್ವರ ಬಂದವರನ್ನು ಊರಾಚೆಯ ಗುಡಿಸಲುಗಳಿಗೆ ಸಾಗಿಸುತ್ತಿದ್ದರು, ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುತ್ತಿದ್ದರು, ಸುಣ್ಣ ಹೊಡೆಸುತ್ತಿದ್ದರು. ಒಳ್ಳೆಯದಕ್ಕೇ ಮಾಡಿದರು, ಈಗ ನನಗೆ ಗೊತ್ತು. ಆದರೆ ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಆ ಕೆಲಸಕ್ಕಿದ್ದ ಇನ್‌ಸ್ಪೆಕ್ಟರು ಬೆತ್ತದಿಂದ ಬಾಗಿಲು ತಟ್ಟುತ್ತಿದ್ದರು. ಎರಡು ಸಲ ಬೇಗ ಬೇಗ, ಆಮೇಲೆ ಒಸಿ ತಡೆದು ಒಂದು. ಆ ಸದ್ದು ಕೇಳಿದೊಡನೆ ಬೀದಿಯವರು ಮಲಗಿದ್ದವರನ್ನು ಎತ್ತಿಕೊಂಡು ಹಿತ್ತಲಿನ ಮರದ ರಾಶಿಯ ಹಿಂದೆ ಅಡಗಿಸುತ್ತಿದ್ದರು. ಮನೆಯ ಯಜಮಾನ ಬಂದು ತಿರುಗಣಿಯ ಮುಂದೆ ಕೂತು, ಒಂದು ಕೈಯಲ್ಲಿ ಕಮಾನು ಎಳೆಯುತ್ತ, ಇನ್ನೊಂದು ಕೈಯಲ್ಲಿ ಉಳಿ ಹಿಡಿದು ಮರ ಕಡೆಯತೊಡಗುತ್ತಿದ್ದ. ತಿರುಗಣಿ ನಡೆಯುತ್ತಿದ್ದರೆ ಮನೆ ನೆಟ್ಟಗಿದೆ ಎಂದು ಲೆಕ್ಕ. ಇನ್‌ಸ್ಪೆಕ್ಟರು ಆ ಸದ್ದು ಕೇಳಿ ಮುಂದಿನ ಮನೆಗೆ ಹೋಗುತ್ತಿದ್ದರು. ಒಂದು ಮನೆಯ ತಿರುಗಣಿ ಶುರುವಾದರೆ ಪಕ್ಕದ ಮನೆಗೆ ಅದೇ ಎಚ್ಚರಿಕೆ. ಹೀಗೆ ಅವರು ಬೀದಿಯ ತುದಿ ಮುಟ್ಟುವ ಮೊದಲೇ ಬೀದಿಯೆಲ್ಲ ಆರೋಗ್ಯವಾಗಿರುತ್ತಿತ್ತು.

ಪ್ಲೇಗು ಹೋಯಿತು, ಇನ್‌ಸ್ಪೆಕ್ಟರಿಗೂ ವರ್ಗವಾಯಿತು. ತಟ್ಟುವುದು ಮಾತ್ರ ನನ್ನಲ್ಲಿ ಉಳಿಯಿತು. ಅವರಿಗೆ ಬೆತ್ತ ಬೇಕಿತ್ತು, ನನಗೆ ಬೆರಳಿನ ಗೆಣ್ಣು ಸಾಕಿತ್ತು. ಮೀಸೆ ಬಂದ ಮೇಲೂ ನಾನು ಆ ಬೀದಿಗೆ ಹೋಗಿ ಯಾವುದೋ ಬಾಗಿಲನ್ನು ಹಾಗೆ ತಟ್ಟುತ್ತಿದ್ದೆ. ಒಳಗೆ ಊಟದ ತಟ್ಟೆ ಬಿದ್ದ ಸದ್ದು, ಹೆಂಗಸರ ಗಡಿಬಿಡಿ, ಆಮೇಲೆ ತಿರುಗಣಿ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವರು ಉಳಿ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದರು. ನನ್ನ ಕೈಗೆ ಒಂದು ಸಲವೂ ಸಿಗದವನೆಂದರೆ ಆ ನಿಂಬೆಹಣ್ಣಿನ ಗೆಳೆಯನೊಬ್ಬನೇ. ಹೇಗೆ ಪತ್ತೆ ಹಚ್ಚುತ್ತೀಯೋ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ನೆನಪಿದೆ.

"ಇನ್‌ಸ್ಪೆಕ್ಟ್ರು ಮೂರ್ನೇ ಏಟು ಸಿಟ್ಟಲ್ಲಿ ಹೊಡೀತಿದ್ರು ಕಣ್ಲಾ. ನಿಂದು ಹಂಗಲ್ಲ. ಹೊಡೆಯೋಕೆ ಮುಂಚೇನೇ ನಗ್ತದೆ."

ಆಮೇಲೆ ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಹೊಸದೊಂದು ಜ್ವರ ಬಂತು. ಪ್ಲೇಗಿಗೆ ಇಲಿಯಾದರೂ ಮೊದಲು ಬಿದ್ದು ಸುಳಿವು ಕೊಡುತ್ತಿತ್ತು. ಇದು ಯಾರಿಗೂ ಹೇಳದೆ ಬಂತು. ಮುದುಕರನ್ನು ಬಿಟ್ಟು ದುಡಿಯುವವರನ್ನೇ ಹುಡುಕಿ ಹಿಡಿಯಿತು. ನಿಲ್ದಾಣದಲ್ಲಿ ರೈಲು ಬಂದು ನಿಲ್ಲುತ್ತಿತ್ತು, ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು. ನಾನು ಗಿಲಕಿ ಆಡಿಸುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ, ಗಾಜಿನ ಹಿಂದೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆಟಿಕೆ ಬೀದಿಯಲ್ಲಿ ತಿರುಗಣಿಗಳು ಒಂದೊಂದಾಗಿ ನಿಂತವು. ಹುಟ್ಟಿದಾಗಿನಿಂದ ಆ ಬೀದಿಯ ಗೊರಗೊರ ಸದ್ದು ನನ್ನ ಕಿವಿಯಲ್ಲಿತ್ತು. ಅದು ನಿಂತ ಮೇಲೆ ಬಾವಿಯ ರಾಟೆ ಎಲ್ಲಿಯದು, ಯಾರ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ, ಎಲ್ಲ ಕೇಳತೊಡಗಿತು. ಕೆಮ್ಮು ಕೇಳಿಯೇ ಇಂಥವರೆಂದು ಗುರುತು ಹಿಡಿಯುತ್ತಿದ್ದೆ. ಮಾರನೆಯ ದಿನ ಆ ಕೆಮ್ಮು ಇರುತ್ತಿರಲಿಲ್ಲ.

ಗೆಳೆಯನ ಹೆಂಡತಿ ಮಲಗಿದಳು. ಮದುವೆಯಾಗಿ ಎರಡು ವರ್ಷವಾಗಿತ್ತು, ಮನೆಯಲ್ಲಿ ಇವರಿಬ್ಬರೇ. ಕೆಲಸ ನಿಂತು ತಿಂಗಳು ಸಮೀಪಿಸಿತ್ತು. ರಾಗಿಯ ಮಡಕೆ ತಳ ಕಂಡಿತ್ತು. ನಮ್ಮ ಮನೆಯಿಂದ ನಾನು ಕೊಟ್ಟೆ, ಆದರೆ ನಮ್ಮಲ್ಲೂ ಮಾರಾಟವಿಲ್ಲದೆ ಅಮ್ಮ ಮುದ್ದೆಯನ್ನು ಚಿಕ್ಕದು ಮಾಡಿದ್ದಳು.

ಹೀಗಿರುವಾಗ ನಾನು ಬಾಕಿ ವಸೂಲಿಗೆಂದು ಕ್ಲೋಸ್‌ಪೇಟೆಗೆ ಹೋದೆ. ಈಗ ಅದನ್ನು ರಾಮನಗರ ಎನ್ನುತ್ತಾರೆ. ಬಾಕಿ ಸಿಗಲಿಲ್ಲ, ಕೊಡಬೇಕಾದವನೇ ಇರಲಿಲ್ಲ. ಆದರೆ ಅಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆ ಮುಂದೆ ಒಬ್ಬಳು ಮುದುಕಿ ರಾಗಿ ಕೇರುತ್ತಿದ್ದಳು. ಮೊರದ ತುಂಬ ಹೊಸ ರಾಗಿ. ಎಲ್ಲಿಂದ ಬಂತಜ್ಜಿ ಎಂದೆ. ಸರ್ಕಾರ ಕೊಟ್ಟಿತು ಎಂದಳು. ಯಾಕೆ ಕೊಟ್ಟಿತು, ಯಾರನ್ನು ಕೇಳಬೇಕು ಎಂದರೆ ಅವಳಿಗೆ ತಿಳಿಯದು. ಯಾರೋ ಟೋಪಿಯವರು ಬಂದರು, ಮಗ ಮಲಗಿದ್ದನ್ನು ನೋಡಿದರು, ಬರೆದುಕೊಂಡರು, ರಾಗಿ ಬಂತು. ಅಷ್ಟೇ.

ಅಷ್ಟು ಸಾಕಾಯಿತು ನನಗೆ. ಊರಿಗೆ ಬಂದವನು ನೇರ ತಾಲ್ಲೂಕು ಕಚೇರಿಗೆ ಹೋದೆ. ಹೊರಗಿನ ಗೋಡೆಗೆ ಸರ್ಕಾರದ ಕಾಗದ ಅಂಟಿಸಿದ್ದರು. ಒಂದು ಇಂಗ್ಲಿಷಿನದು, ಒಂದು ಕನ್ನಡದ್ದು. ಕನ್ನಡದ್ದರ ಕೆಳಗಿನ ಅರ್ಧವನ್ನು ಮೇಕೆ ತಿಂದಿತ್ತು. ಅಂಟಿಗೆ ಹಿಟ್ಟು ಕಾಯಿಸಿ ಬಳಿದಿದ್ದರಲ್ಲ, ಊರಿಗೆ ಊರೇ ಹಸಿದಿರುವಾಗ ಮೇಕೆ ಮಾತ್ರ ಉಪವಾಸ ಇರುತ್ತದೆಯೇ? ಮೇಲಿನ ಅರ್ಧದಲ್ಲಿ ಪ್ರಜೆಗಳ ಕಷ್ಟವನ್ನು ಮನಗಂಡು ಎಂದು ಶುರುವಾಗಿ, ಕಸುಬುದಾರರಿಗೂ ಅಂಗಡಿಯವರಿಗೂ ಸಹಾಯ ಎಂಬಲ್ಲಿಗೆ ಬಂದು, ಅದನ್ನು ಪಡೆಯಲು ಎಂಬಲ್ಲಿ ಹಲ್ಲಿನ ಗುರುತಿತ್ತು.

ಒಳಗೆ ಗುಮಾಸ್ತರೊಬ್ಬರೇ ಇದ್ದರು. ಉಳಿದ ಮೇಜುಗಳು ಖಾಲಿ. ನಾನು ಅವರನ್ನು ಮೂರು ದಿನ ಕಾಡಿದೆ. ಮೊದಲ ದಿನ ನಾಳೆ ಬಾ ಎಂದರು. ಎರಡನೆಯ ದಿನ ಅರ್ಜಿ ಎಲ್ಲಿ ಎಂದರು. ಮೂರನೆಯ ದಿನ ಅರ್ಜಿಯ ಜೊತೆಗೆ, ಅವರ ಮಗಳಿಗೆಂದು ಬಣ್ಣದ ಬುಗುರಿ ಒಂದನ್ನು ಮೇಜಿನ ಮೇಲೆ ತಿರುಗಿಸಿಬಿಟ್ಟೆ. ಅದು ನಿಲ್ಲುವವರೆಗೂ ನೋಡುತ್ತ ಕೂತರು. ಆಮೇಲೆ ಮಗಳು ಹೋದ ವಾರ ತೀರಿಕೊಂಡಳು ಎಂದರು. ಬುಗುರಿಯನ್ನು ವಾಪಸು ಕೊಡಲಿಲ್ಲ, ಡ್ರಾಯರಿನಲ್ಲಿಟ್ಟುಕೊಂಡರು. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು.

ಜ್ವರದಿಂದ ದುಡಿಯುವ ಕೈ ಬಿದ್ದ ಮನೆಗೆ ರಾಗಿ. ಮಲಗಿದವರಿಗೆ ಹಾಲು ಮತ್ತು ಔಷಧಿ. ಎದ್ದ ಮೇಲೆ ಮರ, ಅರಗು ಕೊಳ್ಳುವುದಕ್ಕೆ ಮುಂಗಡ. ನಮ್ಮಂಥ ಅಂಗಡಿಯವರಿಗೆ ತೆರಿಗೆ ಮುಂದಕ್ಕೆ. ಆದರೆ ಕಂದಾಯದ ಅಧಿಕಾರಿ ಶೇಕದಾರರು ತಾವೇ ಬೀದಿಗೆ ಬಂದು ನೋಡಿ ಬರೆದುಕೊಳ್ಳಬೇಕು. ಮನೆಯಲ್ಲಿ ಕಾಯಿಲೆ ಇರಬೇಕು, ಕೆಲಸ ನಿಂತಿರಬೇಕು. ಇವೆರಡು ಇಲ್ಲದ ಮನೆಗೆ ಒಂದು ಕಾಳೂ ಇಲ್ಲ. ನಾಳಿದ್ದು ಬರುತ್ತಾರೆ, ನೀನೇ ಬೀದಿ ತೋರಿಸು ಎಂದರು.

ನಾನು ಆಟಿಕೆ ಬೀದಿಗೆ ಬಂದು ಕೂಗಿ ಕೂಗಿ ಹೇಳಿದೆ. ಅರ್ಧ ತೆರೆದ ಬಾಗಿಲುಗಳಿಂದ ಮುಖಗಳು ನನ್ನನ್ನು ನೋಡಿದವು. ಒಬ್ಬರೂ ನಂಬಲಿಲ್ಲ. ಸರ್ಕಾರದವರು ರೋಗಿಗಳನ್ನು ಹುಡುಕಿಕೊಂಡು ಬರುವುದು ರಾಗಿ ಕೊಡುವುದಕ್ಕೆ ಎನ್ನುವುದನ್ನು ಬೇರೆ ಯಾರಾದರೂ ಹೇಳಿದ್ದರೂ ಕಷ್ಟವಿತ್ತು. ಹೇಳುತ್ತಿದ್ದವನು ನಾನು. ಚಾಚಾ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದವರು, ಬಾಯಿ ಅಗಲಿಸಿ ಆ ಅಲುಗುವ ಹಲ್ಲನ್ನು ಬೆರಳಿನಿಂದ ತೋರಿಸಿದರು.

"ನಿನ್ ನಿಂಬೆಹಣ್ಣು ತಿಂದಿವ್ನಿ ಕಣಪ್ಪ. ನಿನ್ ರಾಗಿ ಬ್ಯಾಡ."

ಗೆಳೆಯ ತನ್ನ ಹೊಸ್ತಿಲಲ್ಲಿ ಕೂತಿದ್ದ. ನನ್ನನ್ನು ಹತ್ತಿರ ಬರಬೇಡವೆಂದು ಕೈ ತೋರಿಸಿದ. ಒಳಗೆ ಅವಳು ನರಳುವುದು ಕೇಳುತ್ತಿತ್ತು. ಅವನ ಕೆನ್ನೆ ಇಳಿದಿತ್ತು. ಉಪವಾಸ, ನಿದ್ದೆಗೇಡು ಎಂದುಕೊಂಡೆ. ಅವನಿಗೂ ಮೈ ಸುಡುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ, ಅವನು ಹೇಳಲೂ ಇಲ್ಲ.

"ದಿಟವಾಗ್ಲೂ ಬತ್ತಾರಾ?" ಎಂದ.

"ಬತ್ತಾರೆ ಕಣ್ಲಾ. ಹನುಮಪ್ಪನಾಣೆಗೂ."

"ಅವ್ಳಿಗೆ ಹಾಲು ಕೊಡ್ತಾರಾ?"

"ಮೊದ್ಲು ನಿನ್ ಮನೇಗೇ ಕರ್ಕಂಡ್ ಬತ್ತೀನಿ. ಬೀದೀಲಿ ಮೊದ್ಲನೇದು ನಿಂದೇ ತಾನೇ."

"ಬೀದೀಲೇ ನಿಂತ್ಕಂಡು ಕೂಗು, ಸಾಕು. ಬಾಗ್ಲು ತಗೀತೀನಿ," ಎಂದ.

ಆಯಿತು ಎಂದೆ.

ಶೇಕದಾರರು ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದರು. ತೆಳ್ಳನೆಯ ಮನುಷ್ಯ, ನೀಲಗಿರಿ ಎಣ್ಣೆ ಹಾಕಿದ ಕರವಸ್ತ್ರವನ್ನು ಮೂಗಿಗೆ ಒತ್ತಿ ಹಿಡಿದಿದ್ದರು. ಬೇರೆ ಊರುಗಳನ್ನು ನೋಡಿ ಬಂದಿದ್ದರು, ಕಣ್ಣು ಹೆದರಿದ್ದವು. ಬೀದಿಯ ನಡುವೆ ನಿಂತು, ಬಾಗಿಲ ಹತ್ತಿರ ನಾನು ಬರುವುದಿಲ್ಲ, ನೀನೇ ಕರಿ ಎಂದರು. ನಾನು ಆ ದಿನ ಜರಿಯ ಪೇಟ ಸುತ್ತಿದ್ದೆ. ಸರ್ಕಾರವನ್ನೇ ಕೈಹಿಡಿದು ಕರೆತಂದವನು ನಾನು. ಎಷ್ಟು ಬಾಗಿಲ ಸಂದುಗಳಿಂದ ಎಷ್ಟು ಕಣ್ಣು ನನ್ನನ್ನು ನೋಡುತ್ತಿವೆ ಎಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಮೊನ್ನೆ ನಂಬಲಿಲ್ಲವಲ್ಲ, ಈಗ ನೋಡಿ ಎಂದು ಒಳಗೆ ಕುಣಿಯುತ್ತಿದ್ದೆ.

ಗೆಳೆಯನ ಮನೆಯ ಜಗಲಿ ಹತ್ತಿದೆ. ಕೂಗುವುದಕ್ಕೆಂದು ಬಾಯಿ ತೆರೆದೆ. ಬಾಗಿಲು ಮೂಗಿಗೆ ತಾಗುವಷ್ಟು ಹತ್ತಿರವಿತ್ತು.

ಕೈ ಎದ್ದಿತು. ಎರಡು ಬೇಗ, ಒಂದು ತಡೆದು.

ಯಾಕೆ ಮಾಡಿದೆ ಎಂದು ಕೇಳಬೇಡಿ. ಈ ಪ್ರಶ್ನೆಯನ್ನು ನನ್ನಷ್ಟು ಸಲ ಯಾರೂ ನನಗೆ ಕೇಳಿಲ್ಲ.

ಒಳಗೆ ಚಾಪೆ ಸರಿದ ಸದ್ದು, ಏನೋ ಎಳೆದಂತೆ, ಹೆಜ್ಜೆ. ತಿರುಗಣಿ ಶುರುವಾಯಿತು. ನನ್ನ ಮೊದಲ ಯೋಚನೆ ಏನಿತ್ತು ಗೊತ್ತೇ? ಸಿಕ್ಕಿಬಿದ್ದ! ಇಷ್ಟು ವರ್ಷ ತಪ್ಪಿಸಿಕೊಂಡವನು ಕೊನೆಗೂ ನನ್ನ ಕೈಗೆ ಸಿಕ್ಕಿಬಿದ್ದ. ಹೆಂಡತಿಯನ್ನು ಅಡಗಿಸಿ ಬಂದು ತಿರುಗಣಿಗೆ ಕೂತಿದ್ದಾನೆ ಎಂದು ನಗು ಉಕ್ಕಿತು. ಅಷ್ಟರಲ್ಲಿ ಪಕ್ಕದ ಮನೆಯ ತಿರುಗಣಿ ಎದ್ದಿತು. ಅದರ ಪಕ್ಕದ್ದು. ಎದುರಿನದು. ಚಾಚಾ ಕಂಬಳಿಯೊಳಗಿಂದ ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು, ಅವರದ್ದೂ ಶುರುವಾಯಿತು. ನಾನು ಇನ್ನೊಂದು ಬಾಗಿಲನ್ನು ಮುಟ್ಟಿಯೂ ಇರಲಿಲ್ಲ. ಒಂದು ತಿಂಗಳು ಸತ್ತಂತಿದ್ದ ಬೀದಿ ಮೂರು ಏಟಿಗೆ ಎದ್ದು ಕೂತಿತು. ನನಗೆ ಹೆಮ್ಮೆಯಾಯಿತು. ದೇವರು ಕ್ಷಮಿಸುವುದಿದ್ದರೆ ತಟ್ಟಿದ್ದನ್ನು ಕ್ಷಮಿಸಬಹುದು. ಆ ಹೆಮ್ಮೆಯನ್ನು ಕ್ಷಮಿಸಲಾರ.

ಶೇಕದಾರರು ಬೀದಿಯ ಉದ್ದಕ್ಕೂ ಒಂದು ಸಲ ನಡೆದರು, ನಿಂತು ಕೇಳಿದರು, ಪುಸ್ತಕದಲ್ಲಿ ಒಂದು ಸಾಲು ಬರೆದು ಮುಚ್ಚಿದರು. ಎಲ್ಲ ಮನೆಯಲ್ಲೂ ಕೆಲಸ ಭರ್ಜರಿಯಾಗಿ ನಡೆಯುತ್ತಿದೆಯಲ್ಲಯ್ಯ ಎಂದರು. ಪುಸ್ತಕ ಮುಚ್ಚಿದ ಆ ಸಣ್ಣ ಸದ್ದಿಗೆ ನನ್ನ ನಗು ನಿಂತಿತು. ಆಗ ಕಿವಿಗೆ ಬಿತ್ತು. ಉಳಿ ಮರವನ್ನು ಕಚ್ಚಿದಾಗ ತಿರುಗಣಿ ಗೊರಗೊರ ಎನ್ನುತ್ತದೆ. ಮರವಿಲ್ಲದ ತಿರುಗಣಿಯಿಂದ ಬರಿಯ ಸುಯ್ಲು ಬರುತ್ತದೆ, ನಿದ್ದೆಯಲ್ಲಿ ಯಾರೋ ಉಸಿರೆಳೆದಂತೆ. ಆ ಬೀದಿಯಲ್ಲಿ ಬೆಳೆದ ಯಾರಿಗಾದರೂ ಗೊತ್ತಾಗುವ ವ್ಯತ್ಯಾಸ. ಬೀದಿಯ ಎರಡೂ ಬದಿಗೆ ಒಂದೇ ಒಂದು ತಿರುಗಣಿಯೂ ಮರವನ್ನು ಕಚ್ಚಿರಲಿಲ್ಲ. ಮನೆಗಳಲ್ಲಿ ಮರವೇ ಇರಲಿಲ್ಲ. ಜ್ವರ ಬಂದವರು ಎದ್ದು ಕೂತು ಗಾಳಿ ಕಡೆಯುತ್ತಿದ್ದರು.

ನಾನು ಅವರ ಗಾಡಿಯ ಹಿಂದೆ ಓಡಿದೆ. ಅವೆಲ್ಲ ಖಾಲಿ, ಬುದ್ಧಿ, ಒಳಗೆ ಬಂದು ನೋಡಿ ಎಂದು ಕೈಮುಗಿದೆ. ಅವರು ಕರವಸ್ತ್ರ ತೆಗೆಯದೆಯೇ ಮಾತಾಡಿದರು.

"ಕಾಯಿಲೆ ಬಿದ್ದೋರು ಕೆಲಸ ಮಾಡ್ತಾರೇನಯ್ಯ? ನಾನು ಕಿವಿಯಾರ ಕೇಳಿದ್ದನ್ನ ಬರೆದಿದ್ದೀನಿ."

ಗಾಡಿ ಹೋಯಿತು. ನಾನು ಗೆಳೆಯನ ಮನೆಯ ಮುಂದೆ ಬಂದು ನಿಂತೆ. ಬೇರೆ ಮನೆಗಳ ತಿರುಗಣಿಗಳು ಆಗಲೇ ನಿಂತಿದ್ದವು. ಅವನದೊಂದು ಮಾತ್ರ ಇನ್ನೂ ನಡೆಯುತ್ತಿತ್ತು. ನಿಧಾನವಾಯಿತು, ನಿಂತಿತು, ಮತ್ತೆ ಶುರುವಾಯಿತು. ಬಾಗಿಲಿಗೆ ಅಗಳಿ ಹಾಕಿರಲಿಲ್ಲ, ಸಂದಿನಲ್ಲಿ ಬೆಳಕು ಕಾಣುತ್ತಿತ್ತು. ಒಂದು ಬೆರಳಿನಲ್ಲಿ ತಳ್ಳಿದ್ದರೆ ತೆರೆಯುತ್ತಿತ್ತು. ಯಾವ ಮುಖ ಇಟ್ಟುಕೊಂಡು ತಳ್ಳಲಿ? ಮನೆಗೆ ಓಡಿಹೋದೆ.

ಬೆಳಿಗ್ಗೆ ಕಚೇರಿಗೆ ಹೋಗಿ ಗುಮಾಸ್ತರಿಗೆ ನಡೆದದ್ದು ನಡೆದ ಹಾಗೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಬರೆದದ್ದನ್ನು ಬರೆದವರೇ ತಿದ್ದಬೇಕು, ಶೇಕದಾರರನ್ನು ಮಾಗಡಿ ಕಡೆಗೆ ಕಳಿಸಿದ್ದಾರೆ, ಅಲ್ಲಿಯ ಶೇಕದಾರರು ಜ್ವರ ಬಂದು ಮಲಗಿಬಿಟ್ಟಿದ್ದಾರಂತೆ ಎಂದರು. ಅಮ್ಮ ಬೇಡವೆಂದು ಅಳುತ್ತಿದ್ದರೂ ಹೊರಟೆ. ಸಿಕ್ಕ ಕಡೆ ಗಾಡಿ, ಸಿಗದ ಕಡೆ ಕಾಲು. ದಾರಿಯ ಹಳ್ಳಿಗಳಲ್ಲಿ ನೀರು ಕೇಳಿದರೆ ಬಾಗಿಲು ತೆರೆಯದೆ ಒಳಗಿನಿಂದಲೇ ಬಾವಿ ಎಲ್ಲಿದೆ ಎಂದು ಹೇಳುತ್ತಿದ್ದರು. ರಾಗಿ ಹೊಲಗಳಲ್ಲಿ ತೆನೆ ಬಾಗಿತ್ತು, ಕೊಯ್ಯುವವರಿರಲಿಲ್ಲ. ಗಾಳಿ ಬೀಸಿದಾಗ ಹೊಲದಿಂದ ಅದೇ ಖಾಲಿ ತಿರುಗಣಿಯ ಸುಯ್ಲು ಏಳುತ್ತಿತ್ತು. ನಾನು ಕಿವಿ ಮುಚ್ಚಿಕೊಂಡು ನಡೆದೆ. ಮುಚ್ಚಿದ ಮೇಲೂ ಕೇಳಿತು.

ಶೇಕದಾರರು ಸಿಕ್ಕಿದ್ದು ಗುಡೇಮಾರನಹಳ್ಳಿಯಲ್ಲಿ, ಒಂದು ಮರದ ಕೆಳಗೆ. ಕಾಲಿಗೆ ಬಿದ್ದೆ. ಎದ್ದೇಳು, ಸುಳ್ಳು ಹೇಳುವವರನ್ನು ಬಹಳ ನೋಡಿದ್ದೇನೆ ಎಂದರು. ನನ್ನ ಬಳಿ ಸಾಕ್ಷಿ ಏನಿತ್ತು? ಗಂಟಲೊಂದೇ. ಮರ ಕಚ್ಚಿದ ತಿರುಗಣಿ ಹೀಗೆ ಬುದ್ಧಿ ಎಂದು ಗಂಟಲಿನಿಂದ ಆ ಗೊರಗೊರ ಸದ್ದು ಮಾಡಿ ತೋರಿಸಿದೆ. ಆಮೇಲೆ ಕಣ್ಣು ಮುಚ್ಚಿ, ಖಾಲಿ ತಿರುಗಣಿ ಹೀಗೆ ಎಂದು ಆ ಸುಯ್ಲನ್ನು ಮಾಡಿದೆ. ಎರಡನ್ನೂ ಮತ್ತೊಮ್ಮೆ ಮಾಡಿದೆ. ಬೀದಿಯಲ್ಲಿ ನಿಮಗೆ ಕೇಳಿಸಿದ್ದು ಯಾವುದು, ನೀವೇ ಹೇಳಿ ಎಂದೆ. ಸುತ್ತ ನಿಂತಿದ್ದ ಹಳ್ಳಿಯವರಲ್ಲಿ ಒಬ್ಬರೂ ನಗಲಿಲ್ಲ. ನನ್ನ ಜನ್ಮದಲ್ಲೇ ನಾನು ಮಾಡಿದ ಅತ್ಯುತ್ತಮ ಅನುಕರಣೆ ಅದು. ಯಾರೂ ನಗದೇ ಇದ್ದದ್ದು ಅದೊಂದಕ್ಕೆ ಮಾತ್ರ.

ಶೇಕದಾರರು ಬಹಳ ಹೊತ್ತು ನನ್ನನ್ನು ನೋಡಿದರು. ಎರಡನೆಯದು ಎಂದರು. ಪುಸ್ತಕ ತೆಗೆದು ಆ ಸಾಲನ್ನು ಅಲ್ಲಿಯೇ ಹೊಡೆದುಹಾಕಿದರು. ಮರುದಿನ ಗಾಡಿಯಲ್ಲಿ ನನ್ನನ್ನೂ ಕೂರಿಸಿಕೊಂಡು ಹೊರಟರು.

ಬೀದಿಗೆ ಬಂದದ್ದು ನಾನು ಊರು ಬಿಟ್ಟ ಐದನೆಯ ದಿನ. ಈ ಸಲ ಜಗಲಿ ಹತ್ತಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೀದಿಯ ನಡುವೆ ನಿಂತು ಗೆಳೆಯನ ಹೆಸರು ಹಿಡಿದು ಕೂಗಿದೆ. ಯಾವ ಬಾಗಿಲೂ ತೆರೆಯಲಿಲ್ಲ. ಮತ್ತೆ ಕೂಗಿದೆ. ಚಾಚಾ ತಮ್ಮ ಮನೆಯ ಕಿಟಕಿಯಿಂದ, ಈ ಸಲ ಸಿಟ್ಟಿಲ್ಲದೆ ಹೇಳಿದರು.

"ಯಾರ್ನ ಕೂಗ್ತಿದೀಯಪ್ಪ? ಅವ್ನು ಹೋಗಿ ಮೂರ್ ದಿನ ಆತು."

ಅಂದರೆ ತಿರುಗಣಿ ತಿರುಗಿಸಿದ ಮೂರನೆಯ ದಿನ. ನಾನು ಆಗ ಮಾಗಡಿ ದಾರಿಯಲ್ಲಿ ಕಿವಿ ಮುಚ್ಚಿಕೊಂಡು ನಡೆಯುತ್ತಿದ್ದೆ. ಹೊರುವುದಕ್ಕೆ ಹೆಗಲು ಸಾಲದೆ, ನಿಲ್ಲಲಾರದವರೂ ಬಂದು ಹೊತ್ತರಂತೆ. ಅದರಲ್ಲೊಂದು ಹೆಗಲು ನನ್ನದಾಗಬೇಕಿತ್ತು.

ಆಗ ಅವನ ಮನೆಯ ಬಾಗಿಲು ತೆರೆಯಿತು. ಸೆರಗಿನಲ್ಲಿ ಮುಖ ಮರೆಮಾಡಿಕೊಂಡು, ಚೌಕಟ್ಟನ್ನು ಹಿಡಿದು ಅವನ ಹೆಂಡತಿ ನಿಂತಿದ್ದಳು. ಎದ್ದು ನಿಂತದ್ದೇ ಹೆಚ್ಚು. ಪರದೆಯ ಹೆಣ್ಣುಮಗಳು, ನನ್ನ ಹತ್ತಿರ ಅದುವರೆಗೂ ನೇರ ಮಾತಾಡಿದವಳಲ್ಲ. ಅವಳು ನನ್ನನ್ನು ನೋಡಲೂ ಇಲ್ಲ. ಶೇಕದಾರರಿಗೆ ಹೇಳಿದಳು.

"ನಮ್ ಮನೇಲಿ ಕೆಲ್ಸ ನಿಂತೈತೆ, ಸ್ವಾಮಿ. ಬರ್ಕೊಳ್ಳಿ."

ಆಮೇಲೆ ಚಾಚಾರ ಬಾಗಿಲು ತೆರೆಯಿತು. ಆಮೇಲೆ ಎದುರಿನದು. ಶೇಕದಾರರು ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡು ಒಂದೊಂದೇ ಮನೆಯೊಳಗೆ ಹೋಗಿ ಬಂದರು. ರಾಗಿ ಬಂತು, ಹಾಲು ಬಂತು. ಬದುಕಿದವರಿಗೆ ಆಮೇಲೆ ಮರಕ್ಕೆ ಮುಂಗಡವೂ ಬಂತು. ಸರ್ಕಾರ ಮಾತು ತಪ್ಪಲಿಲ್ಲ. ಬೀದಿಯವರು ನನ್ನನ್ನು ಹೊಗಳಿದರು ಕೂಡ. ಅದು ಬೈಗುಳಕ್ಕಿಂತ ಕಷ್ಟವಾಯಿತು. ಆ ತಟ್ಟು ನನ್ನದೇ ಚೇಷ್ಟೆ ಎಂದು ಅವರಿಗೆ ಗೊತ್ತಿರಲಿಲ್ಲ. ಶೇಕದಾರರೇ ನನ್ನಿಂದ ಹಾಗೆ ತಟ್ಟಿಸಿದ್ದು ಎಂದುಕೊಂಡಿದ್ದರು.

ಒಬ್ಬಳಿಗೆ ಗೊತ್ತಿತ್ತು. ಅವಳು ಗಂಡನಿಗಾಗಿ ಒಳಗೆ ಕೂರುವ ತಿಂಗಳುಗಳು ಮುಗಿದ ಮೇಲೆ, ತವರಿನವರು ಬಂದು ಕರೆದೊಯ್ಯುವ ದಿನ ನನಗೆ ಹೇಳಿಕಳಿಸಿದಳು. ಜಗಲಿಯ ಮೇಲೆ ಕೂತೆ. ಅವಳು ಒಳಗೆ, ಬಾಗಿಲಿಗೆ ಹಾಕಿದ್ದ ಪರದೆಯ ಹಿಂದೆ. ನಾನು ತಪ್ಪೊಪ್ಪಿಕೊಳ್ಳಬೇಕೆಂದು ಎಷ್ಟೋ ಮಾತು ಕೂಡಿಸಿಕೊಂಡು ಹೋಗಿದ್ದೆ. ಅವತ್ತು ನಾನು ಅವನನ್ನು ಹೆದರಿಸಿಬಿಟ್ಟೆ, ತಾಯಿ, ಎಂದೆ.

ಅವಳು ಪರದೆಯ ಹತ್ತಿರಕ್ಕೆ ಸರಿದು ಕೂತಳು.

"ಹೆದರ್ಲಿಲ್ಲ ಅಣ್ಣ," ಎಂದಳು. "ನಂಗೆ ಹೆದ್ರಿಕೆ ಆತು. ಹಿತ್ಲಿಗೋಗಿ ಅಡಗ್ಕತೀನಿ ಅಂದೆ. ಬ್ಯಾಡ ಮಲಕ್ಕೋ, ಸರ್ಕಾರದೋರಲ್ಲ, ಅವ್ನೇ ಬಂದವ್ನೆ, ಮೂರ್ನೇ ಏಟು ನಗ್ತಾ ಐತೆ ಅಂದ್ರು. ಮೈ ಕೆಂಡ ಆಗಿತ್ತು. ನಾನೂ ಅವ್ನ ಒಸಿ ಆಟ ಆಡಿಸ್ತೀನಿ ಅಂತ ಎದ್ದೋಗಿ ತಿರುಗಣಿ ಮುಂದೆ ಕೂತ್ಕಂಡ್ರು. ಅವ್ನು ಬಾಗ್ಲು ತಳ್ಳಲಿ, ಇದ್ನ ಅವ್ನ ತಲೆಗೆ ಎಸೀತೀನಿ ಅಂತ ಕೈಲಿ ಇಟ್ಕಂಡು ಕಾಯ್ತಾನೇ ಇದ್ರು. ನೀವು ಬರ್ಲಿಲ್ಲ."

ಪರದೆಯ ಕೆಳಗಿನಿಂದ ಏನೋ ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿ ನಿಂತಿತು. ಇನ್ನೊಂದು ಮರದ ನಿಂಬೆಹಣ್ಣು, ಕೆಲಸ ಅರ್ಧಕ್ಕೆ ನಿಂತದ್ದು. ತೊಟ್ಟಿನಿಂದ ನಡುವಿನವರೆಗೆ ಹಳದಿ ಅರಗು ಏರಿತ್ತು. ಉಳಿದರ್ಧ ಬಿಳಿಯ ಮರ, ಬಣ್ಣ ಕಾಣದ್ದು.

ಈಗ ಆ ಬೀದಿಯಲ್ಲಿ ಕರೆಂಟಿನ ಯಂತ್ರಗಳು. ಮರ ಕಚ್ಚಿದರೂ ಒಂದೇ ಸದ್ದು, ಕಚ್ಚದಿದ್ದರೂ ಒಂದೇ ಸದ್ದು ಎಂದು ಹುಡುಗರು ವಾದಿಸುತ್ತಾರೆ. ಇಲ್ಲ. ಕೆಲಸಗಾರ ಬೀಡಿ ಹಚ್ಚುವುದಕ್ಕೆಂದು ಉಳಿಯನ್ನು ಹಿಂದಕ್ಕೆ ತೆಗೆದರೆ ನನಗೆ ಅಂಗಡಿಯಲ್ಲಿ ಕೂತಲ್ಲೇ ತಿಳಿಯುತ್ತದೆ, ನಾನು ಹೇಳಿದ ಮನೆಗೆ ಹೋಗಿ ನೋಡಿ ಬೇಕಾದರೆ. ಆ ಸುಯ್ಲು ಎದ್ದಾಗಲೆಲ್ಲ ಯಾರೋ ಒಳಗೆ ಕೂತು ಕಾಯುತ್ತಿದ್ದಾರೆ ಅನ್ನಿಸುತ್ತದೆ. ಕೈಯನ್ನು ಜೇಬಿಗೆ ತುರುಕುತ್ತೇನೆ ಎಂದೆನಲ್ಲ. ಅಲ್ಲಿ ಅದಿದೆ. ನನ್ನ ಬೆರಳು ತಾಗಿ ತಾಗಿ ಅದರ ಹಳದಿ ಅರ್ಧ ಮಂಕಾಗಿದೆ, ಬಿಳಿಯ ಅರ್ಧವೇ ಈಗ ನುಣುಪು.